ಚೊಚ್ಚಲ ಕಾದಂಬರಿಯ ಬಾಣಂತನ

ಚೊಚ್ಚಲ ಹೆರಿಗೆ ತವರುಮನೆಯಲ್ಲೇ ಆಗಬೇಕೆಂಬುದು ನಮ್ಮಲ್ಲಿ ಹಿಂದಿನಿಂದ ಬಂದ ವಾಡಿಕೆ. ಅದು ಬರೀ ಮುದ್ದಿಗಾಗಿ ಹುಟ್ಟಿದ ಪದ್ಧತಿಯಲ್ಲ. ಮೊದಲ ಸಲ ಹೆರುವವಳಿಗೆ ತನ್ನ ಮೈಯೇ ಹೊಸದು. ಏನು ತಿನ್ನಬೇಕು, ಏನು ಬಿಡಬೇಕು, ಮಗು ಅತ್ತರೆ ಅದು ಹಸಿವೋ ಹೊಟ್ಟೆನೋವೋ ಎಂಬುದು ಅವಳಿಗೆ ತಿಳಿಯದು. ಅದನ್ನು ಬಲ್ಲ ಹಿರಿಯಳೊಬ್ಬಳು ಪಕ್ಕದಲ್ಲಿರಲಿ ಎಂದೇ ಆ ಏರ್ಪಾಡು. ಪುಸ್ತಕಲೋಕದಲ್ಲೂ ಮೊದಲ ಪುಸ್ತಕಕ್ಕೆ ‘ಚೊಚ್ಚಲ ಕೃತಿ’ ಎಂದೇ ಹೆಸರು. ಆದರೆ ಚಿಕ್ಕ ಊರಿನ ಹೆಣ್ಣುಮಗಳು ಬರೆದು, ತನ್ನ ದುಡ್ಡಿನಲ್ಲೇ ಅಚ್ಚು ಹಾಕಿಸುವ ಚೊಚ್ಚಲ ಕಾದಂಬರಿಗೆ ತವರೂ ಇಲ್ಲ, ಸೂಲಗಿತ್ತಿಯೂ ಇಲ್ಲ. ಹೆತ್ತವಳೇ ಎದ್ದು ಬಾಣಂತನ ಮಾಡಿಕೊಳ್ಳಬೇಕು. ಆ ಬಾಣಂತನ ಎಲ್ಲಿ ಸರಿಹೋಗುತ್ತಿದೆ, ಎಲ್ಲಿ ಕೆಡುತ್ತಿದೆ ಎಂಬುದನ್ನು ನೋಡುವುದು ಈ ಬರಹದ ಉದ್ದೇಶ.

ನಾನು ಕನ್ನಡ ಕಲಿಸುವ ಟೀಚರು. ಆದ್ದರಿಂದ ಬಸವಕಲ್ಯಾಣ, ಹುಮನಾಬಾದ, ಚಿಟಗುಪ್ಪ, ಭಾಲ್ಕಿ ಕಡೆಯ ಹೆಣ್ಣುಮಕ್ಕಳು ಪುಸ್ತಕ ಮಾಡಿಸಿದರೆ ಒಂದು ಪ್ರತಿ ನನ್ನ ಕೈಗೂ ಬರುತ್ತದೆ. ಹೀಗೆ ಕೆಲವು ವರ್ಷಗಳಲ್ಲಿ ಬಂದ ಹತ್ತು ಹನ್ನೆರಡು ಕಾದಂಬರಿಗಳನ್ನು ಮೊದಲಿನಿಂದ ಕೊನೆಯವರೆಗೆ ಓದಿದ್ದೇನೆ. ಬರೆದವರ ಹೆಸರನ್ನು ಇಲ್ಲಿ ಹೇಳುವುದಿಲ್ಲ. ಅವರೆಲ್ಲ ನನಗೆ ಸಂತೆಯಲ್ಲಿ, ಮದುವೆಯಲ್ಲಿ, ಬಸ್ಸಿನಲ್ಲಿ ಎದುರಾಗುವವರು. ಮೇಲಾಗಿ ನನಗೆ ಕಂಡ ಗುಣದೋಷಗಳು ಒಬ್ಬರವಲ್ಲ, ಬಹುತೇಕ ಎಲ್ಲರವು.

ಮೊದಲು ಒಂದು ಅಪವಾದವನ್ನು ನಿವಾರಿಸಬೇಕು. ‘ಸ್ವಂತ ಖರ್ಚಿನಲ್ಲಿ ಹಾಕಿಸಿದ ಪುಸ್ತಕ’ ಎಂದರೆ ಮೂಗು ಮುರಿಯುವವರಿದ್ದಾರೆ. ಯಾರೂ ಪ್ರಕಟಿಸಲಿಲ್ಲ, ಅದಕ್ಕೇ ತಾವೇ ಹಾಕಿಸಿಕೊಂಡರು ಎಂಬ ಧ್ವನಿ ಅದರಲ್ಲಿರುತ್ತದೆ. ಹಾಗೆ ಅನ್ನುವವರು ಕನ್ನಡದ ಚರಿತ್ರೆಯನ್ನು ಮರೆತಿದ್ದಾರೆ. ಮಾಸ್ತಿಯವರು ತಮ್ಮ ಪುಸ್ತಕಗಳನ್ನು ತಮ್ಮದೇ ಜೀವನ ಕಾರ್ಯಾಲಯದಿಂದ ತಂದರು. ಕುವೆಂಪು ಅವರಿಗೆ ಉದಯರವಿ ಪ್ರಕಾಶನ ಇತ್ತು. ಶಿವರಾಮ ಕಾರಂತರು ಪುತ್ತೂರಿನಲ್ಲಿ ಹರ್ಷ ಮುದ್ರಣಾಲಯವನ್ನೇ ನಡೆಸಿದರು. ಚಂದ್ರಗಿರಿಯ ತೀರದಲ್ಲಿ ಕಾದಂಬರಿಯಿಂದ ಹೆಸರಾದ ಕಾಸರಗೋಡಿನ ಸಾರಾ ಅಬೂಬಕ್ಕರ್ ಅವರು 1994ರಲ್ಲಿ ಚಂದ್ರಗಿರಿ ಪ್ರಕಾಶನ ಆರಂಭಿಸಿ ತಮ್ಮ ಪುಸ್ತಕಗಳ ಜವಾಬ್ದಾರಿಯನ್ನು ತಾವೇ ಹೊತ್ತರು. ಇವರಲ್ಲಿ ಯಾರನ್ನು ನಾವು ಕಡಿಮೆ ಎನ್ನಲಾದೀತು?

ಬಸವಕಲ್ಯಾಣದಲ್ಲಿ ಕುಳಿತು ಈ ಮಾತು ಬರೆಯುವಾಗ ಫ.ಗು. ಹಳಕಟ್ಟಿಯವರನ್ನು ನೆನೆಯದೆ ಇರಲಾಗದು. ಹನ್ನೆರಡನೆಯ ಶತಮಾನದಲ್ಲಿ ಈ ಕಲ್ಯಾಣದಲ್ಲಿ ಶರಣರು ನುಡಿದದ್ದು ಓಲೆಗರಿಗಳಲ್ಲಿ, ಮನೆಮಠಗಳ ಜಗಲಿಯ ಮೇಲೆ, ಗಂಟು ಕಟ್ಟಿಕೊಂಡು ಕೂತಿತ್ತು. ವಿಜಾಪುರದ ವಕೀಲರಾಗಿದ್ದ ಹಳಕಟ್ಟಿಯವರು ಅವನ್ನು ಊರೂರು ತಿರುಗಿ ಕೂಡಿಸಿದರು. 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗ ಹೊರಬಂತು. ಆಮೇಲೆ ಮನೆ ಮಾರಿ ಹಿತಚಿಂತಕ ಮುದ್ರಣಾಲಯ ಹಾಕಿದರು, ಶಿವಾನುಭವ ಪತ್ರಿಕೆ ನಡೆಸಿದರು. ಇಂದು ನಮ್ಮ ಶಾಲೆಯ ಮಕ್ಕಳು ಅಕ್ಕಮಹಾದೇವಿಯ, ಆಯ್ದಕ್ಕಿ ಲಕ್ಕಮ್ಮನ ವಚನ ಬಾಯಿಪಾಠ ಮಾಡುತ್ತಾರಲ್ಲ, ಆ ಭಾಗ್ಯದ ಹಿಂದೆ ಒಬ್ಬ ಗೃಹಸ್ಥ ಮನೆ ಕಳೆದುಕೊಂಡು ಮಾಡಿದ ಸ್ವಂತ ಪ್ರಕಾಶನವಿದೆ. ಆದ್ದರಿಂದ ಸ್ವಂತ ದುಡ್ಡು ಎಂಬುದು ದೋಷವಲ್ಲ. ಆ ದುಡ್ಡಿನಿಂದ ಯಾವ ಕೆಲಸ ಆಯಿತು, ಯಾವುದು ಆಗಲಿಲ್ಲ ಎಂಬುದೇ ವಿಚಾರ.

ಹೆಣ್ಣುಮಗಳೊಬ್ಬಳು ತನ್ನ ಮೊದಲ ಕಾದಂಬರಿಯನ್ನು ತಾನೇ ಪ್ರಕಟಿಸಿದ ದೊಡ್ಡ ಉದಾಹರಣೆ ನಂಜನಗೂಡು ತಿರುಮಲಾಂಬಾ ಅವರದು. 1887ರಲ್ಲಿ ಹುಟ್ಟಿದ ಈಕೆಗೆ ಹತ್ತನೆಯ ವಯಸ್ಸಿನಲ್ಲಿ ಮದುವೆ, ಹದಿನಾಲ್ಕಕ್ಕೆ ವೈಧವ್ಯ. ಆ ಕಾಲದಲ್ಲಿ ಅಂಥ ಹುಡುಗಿಗೆ ಉಳಿಯುತ್ತಿದ್ದದ್ದು ಅಡುಗೆಮನೆಯ ಮೂಲೆ. ಆದರೆ ತಂದೆಯ ಆಸರೆಯಲ್ಲಿ ಓದಿದರು, ಬರೆದರು. 1913ರಲ್ಲಿ ಸತೀ ಹಿತೈಷಿಣೀ ಎಂಬ ಗ್ರಂಥಮಾಲೆಯನ್ನು ತಾವೇ ತೆರೆದು ತಮ್ಮ ಕಾದಂಬರಿ ಸುಶೀಲೆಯನ್ನು ಅಚ್ಚು ಹಾಕಿಸಿದರು. ಅದು ಮರುಮುದ್ರಣಗಳನ್ನೂ ಕಂಡಿತು. ಮುಂದೆ ಕರ್ನಾಟಕ ನಂದಿನಿ, ಸನ್ಮಾರ್ಗದರ್ಶಿನಿ ಎಂಬ ಪತ್ರಿಕೆಗಳನ್ನೂ ನಡೆಸಿದರು. ಕನ್ನಡದ ಮೊದಲ ಪತ್ರಕರ್ತೆ, ಹೊಸಗನ್ನಡದ ಮೊದಲ ಕಾದಂಬರಿಗಾರ್ತಿ ಎಂದು ಅವರನ್ನು ಕರೆಯುತ್ತೇವೆ.

ಅವರ ಕಾದಂಬರಿಗಳನ್ನು ಇಂದಿನವರು ಕಣ್ಣಿಗೆ ಒತ್ತಿಕೊಂಡು ಓದುತ್ತಾರೆಂದು ನಾನು ಹೇಳಲಾರೆ. ಭಾಷೆ ಗ್ರಾಂಥಿಕ, ಉಪದೇಶ ಹೆಚ್ಚು. ಸದ್ಗುಣವೇ ಸೀರೆಯುಟ್ಟು ಬಂದಂತಿರುವ ನಾಯಕಿಯನ್ನು ಕಂಡರೆ ಈಗಿನ ಹುಡುಗಿಯರು ನಕ್ಕಾರು. ಆದರೂ ಒಂದು ವಿಷಯ ನನ್ನನ್ನು ಬಿಡದೆ ಕಾಡುತ್ತದೆ. ಗಂಡನೊಡನೆ ಬಾಳುವ ಭಾಗ್ಯ ಸಿಗದ ಹೆಣ್ಣೊಬ್ಬಳು ತನ್ನ ಗ್ರಂಥಮಾಲೆಗೆ ‘ಸತಿಯರ ಹಿತ ಬಯಸುವವಳು’ ಎಂಬ ಹೆಸರಿಟ್ಟಳು! ಇದು ಬರೀ ಭಕ್ತಿಯೇ? ಅಥವಾ ಮಡಿವಂತ ಮನೆಗಳ ಹೊಸ್ತಿಲು ದಾಟಿ ಒಳಮನೆಯ ಹೆಣ್ಣುಮಕ್ಕಳ ಕೈಗೆ ಪುಸ್ತಕ ಸೇರಬೇಕಾದರೆ ಯಾವ ಹೆಸರು ಬೇಕು ಎಂಬ ಲೆಕ್ಕವೂ ಅದರಲ್ಲಿ ಇತ್ತೇ? ನನಗೇನೋ ಎರಡೂ ಇದ್ದವು ಅನ್ನಿಸುತ್ತದೆ. ಓದುವವಳು ಯಾರು, ಅವಳ ಮನೆಯ ಬಾಗಿಲು ಎಷ್ಟು ತೆರೆದಿದೆ, ಎಂಬುದನ್ನು ತಿರುಮಲಾಂಬಾ ಬಲ್ಲರು. ಬರೆಯುವವಳ ಜೊತೆಗೆ ಪ್ರಕಾಶಕಿಯೂ ಅವರೊಳಗೆ ಎಚ್ಚರವಾಗಿದ್ದಳು.

ಇನ್ನೊಬ್ಬರು ಗಳಗನಾಥರು. ಹಾವೇರಿ ಕಡೆಯ ವೆಂಕಟೇಶ ತಿರಕೋ ಕುಲಕರ್ಣಿಯವರು, ನಮ್ಮ ಹಾಗೆಯೇ ಶಾಲಾ ಮಾಸ್ತರರು. ಪ್ರಬುದ್ಧ ಪದ್ಮನಯನೆಯಿಂದ ಹಿಡಿದು ಒಂದರ ಮೇಲೊಂದು ಕಾದಂಬರಿ ಬರೆದರು, 1907ರಿಂದ ಸದ್ಬೋಧ ಚಂದ್ರಿಕೆ ಮಾಸಪತ್ರಿಕೆ ನಡೆಸಿದರು. ಪುಸ್ತಕದ ಗಂಟನ್ನು ಹೊತ್ತು ಊರಿಂದೂರಿಗೆ ಹೋಗಿ ಮಾರಿದರು. ಮರಾಠಿಯ ಪ್ರಭಾವ ದಟ್ಟವಾಗಿದ್ದ ಸೀಮೆಯಲ್ಲಿ ಕನ್ನಡ ಓದುವ ಚಟ ಹಚ್ಚಿದವರು ಅವರು ಎಂದು ಹಿರಿಯರು ಹೇಳುತ್ತಾರೆ. ಅವರು 1942ರಲ್ಲಿ ತೀರಿಕೊಂಡರು. ಅವರ ಕಾದಂಬರಿಗಳನ್ನು ಇಂದು ಓದುವವರು ಕಡಿಮೆ ಇರಬಹುದು, ಆದರೆ ಹೊತ್ತು ಮಾರಿದ ಆ ಗಂಟನ್ನು ಯಾರೂ ಮರೆತಿಲ್ಲ.

ಇನ್ನು ನಮ್ಮ ಕಡೆಯ ಇಂದಿನ ಸಂಗತಿಗೆ ಬರೋಣ. ಹುಮನಾಬಾದಿನ ನನ್ನ ಗೆಳತಿಯೊಬ್ಬರು ತಮ್ಮ ಕಾದಂಬರಿಯ ಲೆಕ್ಕದ ವಹಿಯನ್ನೇ ನನ್ನ ಮುಂದೆ ಇಟ್ಟರು. ಪುಸ್ತಕ 208 ಪುಟ. ಹದಿನಾರು ಪುಟಕ್ಕೆ ಒಂದು ಫಾರಂ ಆದ್ದರಿಂದ ಹದಿಮೂರು ಫಾರಂ. 500 ಪ್ರತಿಗೆ ಟೈಪಿಂಗ್, ಕಾಗದ, ಅಚ್ಚು, ಬೈಂಡಿಂಗ್, ಮುಖಪುಟ ಎಲ್ಲ ಸೇರಿ ಐವತ್ತು ಸಾವಿರ ರೂಪಾಯಿ. ಎಂದರೆ ಒಂದು ಪ್ರತಿಗೆ ನೂರು. ಬಿಡುಗಡೆ ಸಮಾರಂಭಕ್ಕೆ ಹಾಲ್, ಮೈಕು, ಬ್ಯಾನರ್, ಶಾಲು, ಹಾರ, ನೆನಪಿನ ಕಾಣಿಕೆ, ಅತಿಥಿಗಳ ಕಾರಿನ ಖರ್ಚು, ಊಟ ಸೇರಿ ಮೂವತ್ತೆರಡು ಸಾವಿರ. ಅಂದು ವೇದಿಕೆಯ ಮೇಲೂ ಕೆಳಗೂ ಉಚಿತವಾಗಿ ಹೋದ ಪ್ರತಿಗಳು 140. ದುಡ್ಡು ಕೊಟ್ಟು ಕೊಂಡವರು ಇಪ್ಪತ್ತಾರು ಜನ. ಒಂದು ಖಾನೆ ಮಾತ್ರ ಆ ವಹಿಯಲ್ಲಿ ಇರಲೇ ಇಲ್ಲ. ಅಚ್ಚಿಗೆ ಹೋಗುವ ಮೊದಲು ಹಸ್ತಪ್ರತಿಯನ್ನು ಓದಿ ತಿದ್ದಿದವರಿಗೆ ಎಂಬ ಖಾನೆ. ಹಾರಕ್ಕೆ ದುಡ್ಡು ಇತ್ತು, ತಿದ್ದುವುದಕ್ಕೆ ಇರಲಿಲ್ಲ!

ನಾನು ಓದಿದ ಹತ್ತು ಹನ್ನೆರಡು ಕಾದಂಬರಿಗಳ ಮುಖ್ಯ ಕೊರತೆ ಇದೇ. ಕಥೆ ಇಲ್ಲವೆಂದಲ್ಲ. ಕಥೆ ಬೇಕಾದಷ್ಟಿದೆ. ಹೈದರಾಬಾದಿಗೆ ದುಡಿಯಲು ಹೋದ ಗಂಡ, ಹೊಲದ ಪಾಲಿಗೆ ಜಗಳಾಡುವ ಮೈದುನರು, ಅಂಗನವಾಡಿ ಕೆಲಸಕ್ಕಾಗಿ ಅಲೆಯುವ ವಿಧವೆ, ಗಡಿಯಾಚೆ ಮರಾಠಿ ಮನೆಗೆ ಸೊಸೆಯಾಗಿ ಹೋದ ಹುಡುಗಿ. ಇವರನ್ನು ಹೊರಗಿನವರು ಯಾರೂ ಬರೆಯಲಾರರು. ಆದರೆ ಎಂಟು ಪುಟದಲ್ಲಿ ಮುಗಿಯಬೇಕಾದ ಮದುವೆ ಮೂವತ್ತು ಪುಟ ನಡೆಯುತ್ತದೆ. ಮೂವತ್ತು ಪುಟ ಬೇಡುವ ಸಾವು ಅರ್ಧ ಪುಟದಲ್ಲಿ ಮುಗಿಯುತ್ತದೆ. ಇಪ್ಪತ್ತನೆಯ ಪುಟದಲ್ಲಿ ಸತ್ತ ಸೋದರಮಾವ ತೊಂಬತ್ತನೆಯ ಪುಟದಲ್ಲಿ ಚಹಾ ಕುಡಿಯುತ್ತಾನೆ. ಪ್ರತಿ ಅಧ್ಯಾಯದ ಕೊನೆಗೆ ಲೇಖಕಿಯೇ ಬಂದು ಈ ಪ್ರಸಂಗದ ನೀತಿ ಇಂಥದು ಎಂದು ಪಾಠ ಹೇಳುತ್ತಾಳೆ. ನಾವು ಟೀಚರುಗಳು ಬರೆದದ್ದರಲ್ಲಂತೂ ಈ ಚಾಳಿ ಸ್ವಲ್ಪ ಜಾಸ್ತಿಯೇ.

ಎಲ್ಲಕ್ಕಿಂತ ನನ್ನನ್ನು ನೋಯಿಸಿದ್ದು ಮಾತು. ಹುಮನಾಬಾದಿನ ಬಸ್‌ಸ್ಟ್ಯಾಂಡಿನಲ್ಲಿ ನಿಂತ ಅತ್ತೆ ಸೊಸೆಯರು ಟಿ.ವಿ. ಧಾರಾವಾಹಿಯ ಬೆಂಗಳೂರು ಕನ್ನಡದಲ್ಲಿ ಜಗಳವಾಡುತ್ತಾರೆ. ನಮ್ಮಲ್ಲಿ ಒಂದು ಓಣಿಯಲ್ಲೇ ಕನ್ನಡ, ಮರಾಠಿ, ದಖನಿ, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಆ ಬೆರಕೆಯ ಸೊಗಸು ಪುಸ್ತಕದೊಳಗೆ ಬರುವಷ್ಟರಲ್ಲಿ ಇಸ್ತ್ರಿ ಹಾಕಿದಂತಾಗಿ ಬಿಡುತ್ತದೆ. ಅಂಥ ಒಂದು ಕಾದಂಬರಿಯನ್ನು ಪಕ್ಕದ ಮನೆಯ ಹೆಣ್ಣುಮಗಳಿಗೆ ಓದಲು ಕೊಟ್ಟಿದ್ದೆ. ಏಳನೆಯತ್ತೆಯವರೆಗೆ ಓದಿದವಳು. ತಿರುಗಿ ಕೊಡುವಾಗ, “ಅಕ್ಕಾ, ಕಥಿ ಚಲೋ ಅದ. ಖರೆ ನಮ್ಮೂರಾಗ ಯಾವ ಅತ್ತಿ ಹಿಂಗ ಮಾತಾಡ್ತಾಳ?” ಎಂದಳು. ದೊಡ್ಡ ವಿಮರ್ಶಕರು ಇಷ್ಟು ಚುಟುಕಾಗಿ ಹೇಳಿಯಾರೇ? ಆ ಮಾತು ಅಚ್ಚಾದ ಮೇಲೆ ಬಂತು ಎಂಬುದೇ ದುಃಖ. ಆರು ತಿಂಗಳು ಮೊದಲು ಬಂದಿದ್ದರೆ ಪುಸ್ತಕವೇ ಬದಲಾಗುತ್ತಿತ್ತು.

ಈ ಸೀಮೆಯ ಮಾತಿನಲ್ಲಿ ದೊಡ್ಡ ಕಾದಂಬರಿ ಆಗದು ಎಂಬ ಅಳುಕು ನಮ್ಮವರಲ್ಲಿ ಇದ್ದರೆ ಅದಕ್ಕೆ ಕಾರಣವೂ ಉಂಟು. 1948ರವರೆಗೆ ನಿಜಾಮರ ಆಳ್ವಿಕೆಯಲ್ಲಿ ಇಲ್ಲಿ ಉರ್ದುವೇ ಆಡಳಿತದ ಭಾಷೆ, ಶಾಲೆಯ ಭಾಷೆ. 1956ರ ನವೆಂಬರ್ 1ರಂದು ಬೀದರ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ ಬಂದ ಪಠ್ಯಪುಸ್ತಕದ ಕನ್ನಡ ನಮ್ಮ ಮನೆಯ ಕನ್ನಡ ಆಗಿರಲಿಲ್ಲ. ಮನೆಯ ಮಾತು ಅಶುದ್ಧ, ಪುಸ್ತಕದ ಮಾತು ಶುದ್ಧ ಎಂಬ ಭಾವನೆ ನಮ್ಮಲ್ಲಿ ಬೇರೂರಿತು. ಆದರೆ ಕಲಬುರಗಿಯ ಗೀತಾ ನಾಗಭೂಷಣ ಅವರು ಈ ಅಳುಕನ್ನು ದಾಟಿ ಬರೆದರು. ಅವರ ಪಾತ್ರಗಳು ಈ ನೆಲದ ಮಾತಿನಲ್ಲೇ ಬಯ್ಯುತ್ತವೆ, ಅಳುತ್ತವೆ. ಅವರ ಬದುಕು ಕಾದಂಬರಿಗೆ 2004ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಕನ್ನಡದ ಹೆಣ್ಣುಮಗಳಿಗೆ ಬಂದ ಮೊದಲ ಅಕಾಡೆಮಿ ಪ್ರಶಸ್ತಿ ಅದು. ಅದಕ್ಕಿಂತ ಮೂವತ್ತು ವರ್ಷ ಮೊದಲೇ, 1974ರ ಮಂಡ್ಯ ಸಾಹಿತ್ಯ ಸಮ್ಮೇಳನದಲ್ಲಿ, ಅಧ್ಯಕ್ಷ ಪೀಠವೇರಿದ ಮೊದಲ ಮಹಿಳೆ ಜಯದೇವಿತಾಯಿ ಲಿಗಾಡೆಯವರು. ಸೊಲ್ಲಾಪುರದಲ್ಲಿ ಹುಟ್ಟಿ ಕೊನೆಗೆ ನಮ್ಮ ಬಸವಕಲ್ಯಾಣದಲ್ಲಿ ನೆಲೆಸಿದವರು. ಮೊದಲಿನ ಎರಡು ಮರ್ಯಾದೆಗಳೂ ಈ ಕಡೆಗೇ ಬಂದಿರುವಾಗ ನಮಗೇಕೆ ನಾಚಿಕೆ?

ಹಾಗಾದರೆ ದೊಡ್ಡ ಊರಿನ ಪ್ರಕಾಶಕರಿಗೆ ಕೊಟ್ಟರೆ ಎಲ್ಲ ಸರಿಹೋದೀತೇ? ಅವರಲ್ಲಿ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ. ಧಾರವಾಡದ ಮನೋಹರ ಗ್ರಂಥಮಾಲೆ 1933ರಿಂದ ಚಂದಾದಾರರನ್ನು ಕೂಡಿಸಿ ಹೊಸ ಬರಹ ಕೊಡುತ್ತಾ ಬಂದದ್ದನ್ನು ಯಾರು ಮರೆತಾರು? ಆದರೆ ಲೇಖಕಿಯಿಂದಲೇ ಪೂರ್ತಿ ಹಣ ಪಡೆದು, ತನ್ನ ಮುದ್ರೆ ಒತ್ತಿ, ಐವತ್ತು ಪ್ರತಿ ಅವಳ ಕೈಗಿಟ್ಟು ಉಳಿದದ್ದರ ಲೆಕ್ಕ ಹೇಳದವರೂ ಇದ್ದಾರೆ. ನನ್ನ ಪರಿಚಯದ ಒಬ್ಬರಿಗೆ ಹೀಗೆಯೇ ಆಯಿತು. ಸಹಿ ಮಾಡಿದ ಕಾಗದ ತೆಗೆದು ನೋಡಿದರೆ ಅದರಲ್ಲಿ ಹಕ್ಕುಗಳನ್ನೂ ಬರೆದುಕೊಟ್ಟಿದ್ದರು. ಹೆಂಗಸರು ಇಷ್ಟನ್ನು ತಿಳಿದಿರಬೇಕು: 1957ರ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಬರೆದವಳೇ ಹಕ್ಕುದಾರಳು, ನೋಂದಣಿ ಕಡ್ಡಾಯವಲ್ಲ, ಅವಳಾಗಿಯೇ ಲಿಖಿತವಾಗಿ ವರ್ಗಾಯಿಸದ ಹೊರತು ಆ ಹಕ್ಕು ಬೇರೆಯವರಿಗೆ ಹೋಗುವುದಿಲ್ಲ. ಅವಳ ಜೀವಮಾನವಲ್ಲದೆ ನಂತರದ ಅರವತ್ತು ವರ್ಷವೂ ಅದು ಅವಳ ವಾರಸುದಾರರದು. ಹೊಲದ ಪಹಣಿ ಓದದೆ ಸಹಿ ಹಾಕದ ನಾವು ಕಾದಂಬರಿಯ ಕಾಗದವನ್ನೇಕೆ ಓದಬಾರದು?

ಸರಕಾರದ ನೆರವಿನ ಬಗ್ಗೆಯೂ ಒಂದು ಮಾತು. 1993ರಲ್ಲಿ ಆರಂಭವಾದ ಕನ್ನಡ ಪುಸ್ತಕ ಪ್ರಾಧಿಕಾರ ಚೊಚ್ಚಲ ಕೃತಿಗಳಿಗೆ ಪ್ರೋತ್ಸಾಹಧನ ಕೊಡುವ ಯೋಜನೆ ನಡೆಸುತ್ತಾ ಬಂದಿದೆ. ಯೋಜನೆ ಒಳ್ಳೆಯದು. ಆದರೆ ಅದು ಯುವ ಬರಹಗಾರರಿಗೆ, ಅದಕ್ಕೆ ವಯಸ್ಸಿನ ಮಿತಿಯುಂಟು. ಗಂಡಸಿಗೆ ಇದು ಸರಿ ಇರಬಹುದು. ಹೆಣ್ಣಿಗೆ? ಇಪ್ಪತ್ತಕ್ಕೆ ಮದುವೆ, ಮೂವತ್ತಕ್ಕೆ ಮಕ್ಕಳ ಶಾಲೆ, ನಲವತ್ತಕ್ಕೆ ಅತ್ತೆಯ ಕಾಯಿಲೆ, ಅಷ್ಟರಲ್ಲಿ ಮಗಳ ಮದುವೆ. ಬರೆಯಲು ಒಂದು ಮೇಜು ಅವಳಿಗೆ ಸಿಗುವುದೇ ಐವತ್ತರ ಹತ್ತಿರ. ಎಂ.ಕೆ. ಇಂದಿರಾ ಅವರು ಹುಟ್ಟಿದ್ದು 1917ರಲ್ಲಿ, ತುಂಗಭದ್ರಾ ಬಂದದ್ದು 1963ರಲ್ಲಿ. ನಲವತ್ತಾರನೆಯ ವಯಸ್ಸಿನ ಚೊಚ್ಚಲು ಅದು! ಫಣಿಯಮ್ಮ ಬರುವಾಗ ಅವರು ಅರವತ್ತರ ಅಂಚಿನಲ್ಲಿದ್ದರು. ಯುವಕರ ಯೋಜನೆ ಇರಲಿ. ಅದರ ಪಕ್ಕದಲ್ಲೇ, ವಯಸ್ಸು ಎಷ್ಟೇ ಆಗಿರಲಿ, ಮೊದಲ ಪುಸ್ತಕ ಬರೆದ ಹೆಣ್ಣುಮಕ್ಕಳಿಗೂ ಒಂದು ಬಾಗಿಲು ತೆರೆಯಬೇಕೆಂಬುದು ನನ್ನ ಬೇಡಿಕೆ. ಇದು ನನ್ನ ಸ್ವಾರ್ಥವೂ ಹೌದು. ನಾನೂ ಒಂದು ಕಾದಂಬರಿ ಬರೆದು, ಆರು ನೋಟುಬುಕ್ಕುಗಳಲ್ಲಿ ತುಂಬಿ, ಟ್ರಂಕಿನಲ್ಲಿ ಇಟ್ಟಿದ್ದೇನೆ.

ಗ್ರಂಥಾಲಯ ಇಲಾಖೆಯ ಸಗಟು ಖರೀದಿಯನ್ನು ನಂಬಿ ಅಚ್ಚು ಹಾಕಿಸುವವರೂ ಬಹಳ. ಆಯ್ಕೆಯಾದರೆ ಮುನ್ನೂರು ಪ್ರತಿ ಒಮ್ಮೆಲೇ ಹೋಗುತ್ತವೆ ಎಂಬ ಆಸೆ. ಆದರೆ ಆಯ್ಕೆ ಖಚಿತವಲ್ಲ, ಹಣ ಬರುವುದೂ ತಡ. ಇನ್ನೊಂದು ತೊಡಕು, ಅಲ್ಲಿ ಬೆಲೆ ಕಟ್ಟುವುದು ಪುಟದ ಲೆಕ್ಕದಲ್ಲಿ. ಪುಟ ಹೆಚ್ಚಿದಷ್ಟೂ ಬೆಲೆ ಹೆಚ್ಚು ಎಂದಾದರೆ ಕತ್ತರಿ ಹಿಡಿಯುವ ಮನಸ್ಸು ಯಾರಿಗೆ ಬಂದೀತು? ಆ ಮೂವತ್ತು ಪುಟದ ಮದುವೆಗೆ ಇದೂ ಒಂದು ಕಾರಣವಿದ್ದೀತು ಎಂದು ನನ್ನ ಗುಮಾನಿ.

ಇಷ್ಟೆಲ್ಲ ದೂರಿದ ಮೇಲೆ ದಾರಿ ಏನು ಎಂದು ನೀವು ಕೇಳುವುದು ನ್ಯಾಯ. ನನಗೆ ತಿಳಿದಷ್ಟು ಹೇಳುತ್ತೇನೆ.

ಮೊದಲನೆಯದು, ಅಚ್ಚಿಗೆ ಮುಂಚೆ ಮೂವರು ಓದಬೇಕು. ಒಬ್ಬರು ಭಾಷೆ ಬಲ್ಲವರು, ಕಾಗುಣಿತ, ವಾಕ್ಯ ತಿದ್ದಲಿಕ್ಕೆ. ಒಬ್ಬರು ಕಾದಂಬರಿ ಓದುವ ಹುಚ್ಚಿರುವವರು, ಎಲ್ಲಿ ಬೇಸರ ಬಂತು ಎಂದು ಗುರುತು ಹಾಕಲಿಕ್ಕೆ. ಮೂರನೆಯವಳು ಆ ಕಥೆಯ ಬದುಕನ್ನೇ ಬಾಳಿದವಳು, ಅವಳಿಗೆ ಓದಲು ಬಾರದಿದ್ದರೆ ಓದಿ ಹೇಳಬೇಕು. ಸುಳ್ಳು ಎಲ್ಲಿದೆ ಎಂದು ಅವಳಷ್ಟು ಚೆನ್ನಾಗಿ ಯಾರೂ ಹಿಡಿಯಲಾರರು. ಹಿಂದೆ ವಾರಪತ್ರಿಕೆಗಳಲ್ಲಿ ಧಾರಾವಾಹಿಯಾಗಿ ಬರುವಾಗ ಸಂಪಾದಕರ ಕಣ್ಣು, ಓದುಗರ ಪತ್ರ ಎರಡೂ ಈ ಕೆಲಸ ಮಾಡುತ್ತಿದ್ದವು. ಆ ಜರಡಿ ಈಗ ನಮ್ಮ ಮನೆಯಲ್ಲೇ ಇರಬೇಕು.

ಎರಡನೆಯದು, ಕರಡು ತಿದ್ದುವುದನ್ನು ಲೇಖಕಿಯೊಬ್ಬಳಿಗೇ ಬಿಡಬಾರದು. ಬರೆದವಳ ಕಣ್ಣು ಕಾಗದದ ಮೇಲಿರುವುದನ್ನಲ್ಲ, ಮನಸ್ಸಿನಲ್ಲಿರುವುದನ್ನು ಓದುತ್ತದೆ. ನುಡಿಯಲ್ಲಿ ಟೈಪು ಮಾಡಿದ್ದನ್ನು ಯುನಿಕೋಡಿಗೆ ಬದಲಿಸುವಾಗ ಒತ್ತಕ್ಷರ, ಅರ್ಕಾವತ್ತು ಕೆಡುವುದುಂಟು. ಬದಲಿಸಿದ ಮೇಲೆ ಮತ್ತೊಮ್ಮೆ ಪೂರ್ತಿ ಓದಲೇಬೇಕು.

ಮೂರನೆಯದು, ಮೊದಲೇ 500 ಹಾಕಿಸಬೇಡಿ. ಈಗ ನೂರು ಪ್ರತಿಯನ್ನೂ ಹಾಕಿಕೊಡುವ ಡಿಜಿಟಲ್ ಮುದ್ರಣ ಇದೆ. ಪ್ರತಿಯೊಂದಕ್ಕೆ ಖರ್ಚು ಸ್ವಲ್ಪ ಹೆಚ್ಚಾದರೂ ಮಂಚದ ಕೆಳಗೆ ಗಂಟು ಉಳಿಯುವುದಿಲ್ಲ. ತಪ್ಪು ಕಂಡರೆ ಎರಡನೆಯ ನೂರರಲ್ಲಿ ತಿದ್ದಬಹುದು. ಐಎಸ್‌ಬಿಎನ್ ಸಂಖ್ಯೆಯನ್ನು ದಿಲ್ಲಿಯ ರಾಜಾ ರಾಮಮೋಹನ ರಾಯ್ ಏಜೆನ್ಸಿ ಪುಕ್ಕಟೆಯಾಗಿ ಕೊಡುತ್ತದೆ, ಲೇಖಕಿಯೇ ಪ್ರಕಾಶಕಿಯಾಗಿ ಅರ್ಜಿ ಹಾಕಬಹುದು. ಅದಕ್ಕೆ ಯಾರಾದರೂ ಸಾವಿರಾರು ರೂಪಾಯಿ ಕೇಳಿದರೆ ಕೊಡಬೇಡಿ. ಪ್ರಕಾಶಕಿಯಾದ ಮೇಲೆ ಕರ್ತವ್ಯವೂ ಉಂಟು. 1954ರ ಕಾಯಿದೆಯಂತೆ ಪ್ರಕಟವಾದ ಮೂವತ್ತು ದಿನದೊಳಗೆ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೂ ಚೆನ್ನೈ, ಮುಂಬೈ, ದಿಲ್ಲಿಯ ಗೊತ್ತಾದ ಗ್ರಂಥಾಲಯಗಳಿಗೂ ಪ್ರತಿ ಕಳಿಸಬೇಕು. ಖರ್ಚೆಂದು ಬೇಸರ ಪಡಬೇಡಿ. ನೂರು ವರ್ಷದ ಮೇಲೆ ಯಾರಾದರೂ ಹುಡುಕಿದರೆ ಸಿಗುವ ಜಾಗ ಅದು. ತಿರುಮಲಾಂಬಾ ಅವರನ್ನೇ ನೋಡಿ. ಬಹುಕಾಲ ಮರೆವಿಗೆ ಸಂದಿದ್ದ ಅವರನ್ನು ಚಿ.ನ. ಮಂಗಳಾ, ವಿಜಯಾ ದಬ್ಬೆಯವರಂಥ ಲೇಖಕಿಯರು ಮತ್ತೆ ಬೆಳಕಿಗೆ ತಂದರು. ಅಚ್ಚಾದ ಪ್ರತಿಗಳು ಎಲ್ಲೋ ಉಳಿದದ್ದರಿಂದ ಅದು ಸಾಧ್ಯವಾಯಿತು.

ನಾಲ್ಕನೆಯದು, ಸಮಾರಂಭವನ್ನು ಕಡಿಮೆ ಮಾಡಿ ಪ್ರಯಾಣವನ್ನು ಹೆಚ್ಚು ಮಾಡಿ. ಗಳಗನಾಥರಂತೆ ಗಂಟು ಹೊರುವುದು ಈಗ ಬೇಕಿಲ್ಲ. ಆದರೆ ಸ್ತ್ರೀಶಕ್ತಿ ಸಂಘದ ಸಭೆ, ಶಿಕ್ಷಕಿಯರ ತರಬೇತಿ, ಹುಮನಾಬಾದಿನ ವೀರಭದ್ರೇಶ್ವರ ಜಾತ್ರೆ, ಬಸವಕಲ್ಯಾಣಕ್ಕೆ ಬರುವ ಯಾತ್ರಿಕರು, ಇವೆಲ್ಲ ಓದುಗರಿರುವ ಜಾಗಗಳೇ. ಒಂದು ಅಧ್ಯಾಯ ಓದಿ ಹೇಳಿ, ಹತ್ತು ಜನ ಕೊಳ್ಳುತ್ತಾರೆ. ಅಚ್ಚಿಗೆ ಮೊದಲೇ ಐವತ್ತು ಗೆಳತಿಯರಿಂದ ಮುಂಗಡ ತೆಗೆದುಕೊಂಡರೆ ಅರ್ಧ ಖರ್ಚು ಅಲ್ಲೇ ಹುಟ್ಟೀತು. ಪುಸ್ತಕಕ್ಕೆಂದೇ ಇದ್ದ ಕಡಿಮೆ ದರದ ರಿಜಿಸ್ಟರ್ ಅಂಚೆ 2024ರ ಡಿಸೆಂಬರಿನಲ್ಲಿ ನಿಂತಾಗ ಗಾಬರಿಯಾಗಿತ್ತು. 2025ರ ಮೇ 1ರಿಂದ ‘ಜ್ಞಾನ ಪೋಸ್ಟ್’ ಬಂದಿದೆ, ಮುನ್ನೂರು ಗ್ರಾಮಿನವರೆಗೆ ಇಪ್ಪತ್ತು ರೂಪಾಯಿಯಿಂದ ಆರಂಭವಾದ ಸೇವೆ ಅದು. ಒಂದು ವಿಷಯ ಮಾತ್ರ ಗಟ್ಟಿಯಾಗಿರಲಿ: ಪುಸ್ತಕವನ್ನು ಪುಕ್ಕಟೆ ಕೊಡಬೇಡಿ. ಬೀಗರಿಗೂ ಬೇಡ. ಇಪ್ಪತ್ತು ರೂಪಾಯಿಯಾದರೂ ಕೊಟ್ಟು ಕೊಂಡವರು ಹತ್ತು ಪುಟವಾದರೂ ಓದುತ್ತಾರೆ.

ಮುನ್ನುಡಿಯ ಬಗ್ಗೆ ಕಡೆಯ ಮಾತು. ನಾನು ಓದಿದ ಕಾದಂಬರಿಗಳಲ್ಲಿ ದೊಡ್ಡವರ ಮುನ್ನುಡಿ ಇಲ್ಲದ್ದು ಒಂದೂ ಇಲ್ಲ. ‘ಉದಯೋನ್ಮುಖ ಲೇಖಕಿ’, ‘ಭರವಸೆಯ ಬೆಳಕು’ ಎಂಬ ಮಾತುಗಳು ಪ್ರತಿಯೊಂದರಲ್ಲೂ ಇವೆ. ಎರಡು ಕಡೆ ಮುಖ್ಯ ಪಾತ್ರದ ಹೆಸರೇ ತಪ್ಪಾಗಿತ್ತು! ಪೂರ್ತಿ ಓದದೆ ಹೊಗಳುವುದು ಹೆಣ್ಣುಮಕ್ಕಳಿಗೆ ಕೊಡುವ ಗೌರವವಲ್ಲ. ಅದು ತಲೆ ಸವರಿ ಕಳಿಸುವ ರೀತಿ. ನಮ್ಮ ಬರಹವನ್ನು ಗಂಭೀರವಾಗಿ ಎಣಿಸುವವರು ತಪ್ಪು ತೋರಿಸುತ್ತಾರೆ. ಅನುಭವ ಮಂಟಪದಲ್ಲಿ ಅಲ್ಲಮಪ್ರಭು ಅಕ್ಕಮಹಾದೇವಿಯನ್ನು ಸುಮ್ಮನೆ ಒಳಕ್ಕೆ ಬಿಟ್ಟುಕೊಳ್ಳಲಿಲ್ಲ, ಪ್ರಶ್ನೆಯ ಮೇಲೆ ಪ್ರಶ್ನೆ ಹಾಕಿದನೆಂದು ಶೂನ್ಯಸಂಪಾದನೆಯ ಕಥೆ ಹೇಳುತ್ತದೆ. ಅವಳು ಕಣ್ಣೀರು ಹಾಕದೆ ಉತ್ತರ ಕೊಟ್ಟಳು. ಅದರಿಂದಲೇ ಅವಳಿಗೆ ಅಲ್ಲಿ ಪೀಠ. ಅಂಥ ಪ್ರಶ್ನೆಗಳು ಬೇಕಾಗಿವೆ ನಮಗೆ, ಶಾಲುಗಳಲ್ಲ.

ನನ್ನ ಆರು ನೋಟುಬುಕ್ಕುಗಳು ಈಗ ಟ್ರಂಕಿನಿಂದ ಹೊರಬಿದ್ದಿವೆ. ಎರಡು ಹುಮನಾಬಾದಿನ ಗೆಳತಿಯ ಹತ್ತಿರ, ಎರಡು ನಮ್ಮ ಶಾಲೆಯ ಗಣಿತದ ಟೀಚರ ಹತ್ತಿರ, ಎರಡು ಪಕ್ಕದ ಮನೆಯಲ್ಲಿ ಇವೆ. ಮೂವರೂ ಬದಲಿಸಿಕೊಂಡು ಓದುತ್ತಾರಂತೆ. ಮೂವರಿಗೂ ಒಂದೊಂದು ಕೆಂಪು ಪೆನ್ನು ಕೊಟ್ಟಿದ್ದೇನೆ. ಗಣಿತದ ಟೀಚರು ಮೊನ್ನೆ ಕಾರಿಡಾರಿನಲ್ಲಿ ನಿಲ್ಲಿಸಿ, “ಮೇಡಂ, ನಿಮ್ಮ ನಾಯಕಿ ಒಂದ ಅಧ್ಯಾಯದಾಗ ನಾಕ ಸಲ ಅಳ್ತಾಳ್ರಿ, ಎರಡು ಹೊಡದ ಹಾಕೀನಿ” ಎಂದರು. ಸ್ವಲ್ಪ ಚುರುಕೆಂದಿತು. ಮನೆಗೆ ಬಂದು ಎಣಿಸಿದರೆ ಲೆಕ್ಕ ಸರಿಯಾಗಿತ್ತು.